ಗೋವಾ, ಹುಬ್ಬಳ್ಳಿ, ಮಂಗಳೂರು: ನಮ್ಮ ಜಿಲ್ಲೆಯವರು ಯಾವ ವಿಮಾನ ನಿಲ್ದಾಣಕ್ಕೆ ಹೋಗಬೇಕು, ಎಷ್ಟು ಹೊತ್ತಿಗೆ ಹೊರಡಬೇಕು?

ಉತ್ತರ ಕನ್ನಡದಲ್ಲಿ ಜನ ಹತ್ತಿ ಇಳಿಯುವ ವಿಮಾನ ನಿಲ್ದಾಣ ಒಂದೂ ಇಲ್ಲ. ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ ನೌಕಾಪಡೆಯ ನಿಲ್ದಾಣದ ಜೊತೆಗೆ ನಾಗರಿಕರಿಗೂ ಟರ್ಮಿನಲ್ ಕಟ್ಟುವ ಯೋಜನೆ ಇದೆ. ಅದು ಮುಗಿದು ವಿಮಾನ ಇಳಿಯುವ ತನಕ ನಾವು ಗೋವಾಕ್ಕೋ, ಹುಬ್ಬಳ್ಳಿಗೋ, ಮಂಗಳೂರಿಗೋ ಹೋಗಲೇಬೇಕು. ಸಿದ್ದಾಪುರ, ಶಿರಸಿ ಕಡೆಯವರಿಗೆ 2023ರಿಂದ ಶಿವಮೊಗ್ಗವೂ ಸೇರಿದೆ.

ಆಯ್ಕೆ ಜಾಸ್ತಿ ಇರುವುದು ಒಳ್ಳೆಯದೇ. ಆದರೆ ಟಿಕೆಟ್ ಮಾಡುವಾಗ ಹೆಚ್ಚಿನವರು ನೋಡುವುದು ಎರಡೇ: ಟಿಕೆಟ್ ದರ ಮತ್ತು ನಕ್ಷೆಯ ಮೇಲಿನ ಕಿಲೋಮೀಟರ್. ನಮ್ಮ ಜಿಲ್ಲೆಯ ಮಟ್ಟಿಗೆ ಇವೆರಡನ್ನು ನಂಬಿ ಹೊರಟರೆ ಸಾಲದು. ಇಲ್ಲಿ ಘಟ್ಟ ಇದೆ, ಹೊಳೆ ಇದೆ, ನಾಲ್ಕು ತಿಂಗಳ ಮಳೆ ಇದೆ. ಹಾಗಾಗಿ ದೂರವನ್ನು ಗಂಟೆಗಳಲ್ಲಿ ಅಳೆಯಿರಿ. ಮನೆ ಬಾಗಿಲಿನಿಂದ ನೀವು ಹೋಗಬೇಕಾದ ಮನೆಯ ಬಾಗಿಲಿನವರೆಗೆ ಒಟ್ಟು ಎಷ್ಟು ಗಂಟೆ ಆಗುತ್ತದೆ ಎಂಬುದೇ ನಿಜವಾದ ದೂರ. ಆ ಲೆಕ್ಕವನ್ನು ಒಂದೊಂದಾಗಿ ನೋಡೋಣ.

ಮೊದಲು ಟಿಕೆಟ್ ಮೇಲಿನ ಮೂರು ಅಕ್ಷರ ನೋಡಿ

ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣಗಳಿವೆ. ಹಳೆಯದು ದಾಬೋಲಿಂ. ವಾಸ್ಕೊ ಹತ್ತಿರ, ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯಲ್ಲಿದೆ. ಹೊಸದು ಮೋಪಾ. ಪೂರ್ತಿ ಹೆಸರು ಮನೋಹರ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಇದು ಗೋವಾದ ಉತ್ತರದ ತುದಿಯಲ್ಲಿ, ಮಹಾರಾಷ್ಟ್ರದ ಗಡಿ ಹತ್ತಿರದ ಪೆಡ್ಣೆ ತಾಲೂಕಿನಲ್ಲಿದೆ. 2023ರ ಜನವರಿ 5ರಿಂದ ಅಲ್ಲಿ ಪ್ರಯಾಣಿಕರ ವಿಮಾನಗಳು ಓಡಾಡುತ್ತಿವೆ.

ಆನ್‌ಲೈನಿನಲ್ಲಿ ಗೋವಾ ಎಂದು ಹುಡುಕಿದರೆ ಎರಡೂ ನಿಲ್ದಾಣಗಳ ವಿಮಾನಗಳು ಒಟ್ಟಿಗೆ ಬರುತ್ತವೆ. ಹೆಸರಿನ ಪಕ್ಕ ಮೂರು ಅಕ್ಷರದ ಸಂಕೇತ ಇರುತ್ತದೆ. ಜಿಓಐ ಎಂದಿದ್ದರೆ ದಾಬೋಲಿಂ. ಜಿಓಎಕ್ಸ್ ಎಂದಿದ್ದರೆ ಮೋಪಾ. ಕೊನೆಯ ಅಕ್ಷರ ಮಾತ್ರ ಬೇರೆ. ಅದನ್ನು ಗಮನಿಸದೆ ದುಡ್ಡು ಕಟ್ಟಬೇಡಿ. ಬೇರೆಯವರು ನಿಮಗೆ ಟಿಕೆಟ್ ಮಾಡಿಕೊಟ್ಟಿದ್ದರೆ ಇನ್ನೂ ಜಾಗ್ರತೆಯಿಂದ ನೋಡಿ. ದಿಲ್ಲಿಯಲ್ಲೋ ಪುಣೆಯಲ್ಲೋ ಇರುವ ಮಗನಿಗೆ ಎರಡೂ ಗೋವಾವೇ. ಕಾರವಾರದಲ್ಲಿ ಕೂತ ನಮಗೆ ಹಾಗಲ್ಲ.

ಯಾಕೆಂದರೆ ಕಾರವಾರದಿಂದ ದಾಬೋಲಿಂಗೆ ರಸ್ತೆಯಲ್ಲಿ ಸುಮಾರು 90 ಕಿ.ಮೀ. ಮೋಪಾಕ್ಕೆ ಸುಮಾರು 130 ಕಿ.ಮೀ. ಬರೀ 40 ಕಿ.ಮೀ. ಹೆಚ್ಚು ಅಲ್ವಾ ಅನಿಸಬಹುದು. ಆದರೆ ಆ 40 ಕಿ.ಮೀ. ಇರುವುದು ಪಣಜಿ, ಪರ್ವರಿ, ಮ್ಹಾಪ್ಸಾದಂಥ ಗಾಡಿ ತುಂಬಿದ ಜಾಗಗಳಲ್ಲಿ. ಜುವಾರಿಗೂ ಮಾಂಡೋವಿಗೂ ಹೊಸ ಸೇತುವೆಗಳು ಬಂದ ಮೇಲೆ ಎಷ್ಟೋ ಸಲೀಸಾಗಿದೆ, ನಿಜ. ಆದರೂ ಮೋಪಾಕ್ಕೆ ಒಂದರಿಂದ ಒಂದೂವರೆ ಗಂಟೆ ಜಾಸ್ತಿ ಹಿಡಿಯಿರಿ. ಟಿಕೆಟ್ ದರದಲ್ಲಿ ಉಳಿದ ದುಡ್ಡು ಬಾಡಿಗೆ ಕಾರಿನಲ್ಲಿ ಹೋಗಿಬಿಡುತ್ತದೆ.

ಇದು ಗೋವಾ ಒಂದರ ಮಾತಲ್ಲ. ಮುಂಬೈಯಲ್ಲೂ 2025ರ ಅಕ್ಟೋಬರಿನಲ್ಲಿ ನವಿ ಮುಂಬೈ ವಿಮಾನ ನಿಲ್ದಾಣ ಉದ್ಘಾಟನೆಯಾಗಿದೆ. ಹಳೆಯ ಮುಂಬೈ ನಿಲ್ದಾಣದ ಎರಡು ಟರ್ಮಿನಲ್‌ಗಳೂ ಒಂದರ ಪಕ್ಕ ಒಂದು ಇಲ್ಲ. ರಸ್ತೆ ಸುತ್ತಿಕೊಂಡೇ ಹೋಗಬೇಕು. ಬೆಂಗಳೂರಿನಲ್ಲಿ ನಿಲ್ದಾಣ ಒಂದೇ, ಆದರೆ ಟರ್ಮಿನಲ್ ಎರಡು. ಯಾವ ನಿಲ್ದಾಣ, ಯಾವ ಟರ್ಮಿನಲ್ ಎಂಬ ಎರಡೂ ಪ್ರಶ್ನೆಗೆ ಉತ್ತರ ಟಿಕೆಟ್ ಮೇಲೆಯೇ ಇರುತ್ತದೆ.

ನೇರ ದೂರ ಬೇರೆ, ರಸ್ತೆಯ ದೂರ ಬೇರೆ

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಕೆಲವು ಕಡೆ ನೇರ ದೂರ ಬರುತ್ತದೆ, ಕೆಲವು ಕಡೆ ರಸ್ತೆಯ ದೂರ. ಯಾವುದು ಎಂದು ದೊಡ್ಡದಾಗಿ ಬರೆದಿರುವುದಿಲ್ಲ. ಗಲಿಬಿಲಿ ಆಗುವುದು ಇಲ್ಲೇ. ನೇರ ದೂರ ಎಂದರೆ ಭೂಮಿಯ ಮೈಮೇಲೆ ಒಂದು ಜಾಗದಿಂದ ಇನ್ನೊಂದಕ್ಕೆ ದಾರ ಎಳೆದಂತೆ. ವಿಮಾನ ಹೆಚ್ಚುಕಡಿಮೆ ಈ ದಾರಿಯಲ್ಲಿ ಹೋಗುತ್ತದೆ. ಕೆಲವು ಜಾಲತಾಣಗಳು ಇದನ್ನು ನಾಟಿಕಲ್ ಮೈಲಿಯಲ್ಲಿ ಕೊಡುತ್ತವೆ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ.

ನೇರ ದೂರವನ್ನು ನೀವೇ ಲೆಕ್ಕ ಹಾಕಬಹುದು. ಮಕ್ಕಳ ಕೈಯಲ್ಲಿ ಮಾಡಿಸಿದರೂ ಚೆನ್ನ. ನಕ್ಷೆಯಲ್ಲಿ ಆ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಬರುತ್ತದೆ. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿ.ಮೀ. ರೇಖಾಂಶದ ಒಂದು ಡಿಗ್ರಿ ಊರಿಂದ ಊರಿಗೆ ಬದಲಾಗುತ್ತದೆ. ಧ್ರುವದ ಕಡೆ ಹೋದಂತೆ ಕಿರಿದಾಗುತ್ತದೆ. ನಮ್ಮ ಕರಾವಳಿಯ ಮಟ್ಟಿಗೆ 107 ಕಿ.ಮೀ. ಎಂದು ಹಿಡಿದರೆ ಸಾಕು.

ದಾಬೋಲಿಂ ಸುಮಾರು 15.38 ಉತ್ತರ, 73.83 ಪೂರ್ವ. ಹುಬ್ಬಳ್ಳಿ ನಿಲ್ದಾಣ 15.36 ಉತ್ತರ, 75.08 ಪೂರ್ವ. ಅಕ್ಷಾಂಶದ ವ್ಯತ್ಯಾಸ 0.02, ಅಂದರೆ 2 ಕಿ.ಮೀ. ರೇಖಾಂಶದ ವ್ಯತ್ಯಾಸ 1.25, ಅಂದರೆ ಸುಮಾರು 134 ಕಿ.ಮೀ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 134 ಕಿ.ಮೀ. ಬರುತ್ತದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಇಷ್ಟಕ್ಕೆ ಸಾಕು. ದಿಲ್ಲಿ, ದುಬೈಯಂಥ ದೂರದ ಊರಿಗೆ ಮಾತ್ರ ಈ ಲೆಕ್ಕ ಸ್ವಲ್ಪ ತಪ್ಪುತ್ತದೆ, ಭೂಮಿ ದುಂಡಗಿದೆಯಲ್ಲ. ಅಂಥದ್ದಕ್ಕೆ ಗೂಗಲ್ ಮ್ಯಾಪಿನಲ್ಲಿರುವ ದೂರ ಅಳೆಯುವ ಆಯ್ಕೆ ಬಳಸಿ.

ಈಗ ದಾಬೋಲಿಂ ಮತ್ತು ಮೋಪಾ ನಡುವಿನ ದೂರ ನೋಡಿ. ಇದೇ ಲೆಕ್ಕದಲ್ಲಿ ನೇರ ದೂರ ಸುಮಾರು 40 ಕಿ.ಮೀ. ಬರುತ್ತದೆ. ರಸ್ತೆಯಲ್ಲಿ ಹೋದರೆ 60 ಕಿ.ಮೀ. ದಾಟುತ್ತದೆ. ನಡುವೆ ಎರಡು ದೊಡ್ಡ ನದಿ, ಒಂದು ರಾಜಧಾನಿ. ಕಾರಿನಲ್ಲಿ ಒಂದೂವರೆ ಗಂಟೆ ಹಿಡಿಯಿರಿ. ಸಂಜೆ ಹೊತ್ತಾದರೆ ಎರಡು.

ನಮ್ಮ ಜಿಲ್ಲೆಯೊಳಗೂ ಇದೇ ಕತೆ. ಕಾರವಾರದಿಂದ ಹುಬ್ಬಳ್ಳಿ ನಿಲ್ದಾಣ ನೇರಕ್ಕೆ 120 ಕಿ.ಮೀ. ಒಳಗೇ ಇದೆ. ರಸ್ತೆಯಲ್ಲಿ ಸುಮಾರು 165. ಶಿರಸಿಯಿಂದ ದಾಬೋಲಿಂ ನೇರಕ್ಕೆ ಸುಮಾರು 137 ಕಿ.ಮೀ. ರಸ್ತೆಯಲ್ಲಿ 200ರ ಆಸುಪಾಸು. ಘಟ್ಟ ಇಳಿದು, ಕರಾವಳಿ ಹಿಡಿದು, ಗಡಿ ದಾಟಿ ಹೋಗಬೇಕು. ಸಪಾಟಾದ ಸೀಮೆಯಲ್ಲಿ ನೇರ ದೂರಕ್ಕೆ ಕಾಲು ಭಾಗ ಸೇರಿಸಿದರೆ ರಸ್ತೆಯ ದೂರ ಸಿಗಬಹುದು. ಘಟ್ಟ ಅಡ್ಡ ಬಂದರೆ ಅರ್ಧದಷ್ಟು ಸೇರಿಸಿ.

ಗಾಳಿಯಲ್ಲಿ ಎಷ್ಟು ಹೊತ್ತು?

ಬೆಂಗಳೂರಿನಿಂದ ದಾಬೋಲಿಂ ನೇರಕ್ಕೆ ಸುಮಾರು 483 ಕಿ.ಮೀ. ಜೆಟ್ ವಿಮಾನ ಮೇಲೆ ಹೋದ ಮೇಲೆ ಗಂಟೆಗೆ 800 ಕಿ.ಮೀ. ಮೀರಿ ಹಾರುತ್ತದೆ. ಹಾಗಾದರೆ 36 ನಿಮಿಷ ಸಾಕಲ್ವಾ? ಟಿಕೆಟ್ ಮೇಲೆ ಯಾಕೆ ಒಂದು ಗಂಟೆ ಹತ್ತು, ಹದಿನೈದು ನಿಮಿಷ ಎಂದಿರುತ್ತದೆ?

ಟಿಕೆಟ್ ಮೇಲಿನ ಸಮಯ ಹಾರಾಟದ್ದು ಮಾತ್ರ ಅಲ್ಲ. ಈ ನಿಲ್ದಾಣದಲ್ಲಿ ವಿಮಾನ ನಿಂತ ಜಾಗ ಬಿಟ್ಟು ಕದಲುವುದರಿಂದ ಹಿಡಿದು, ಆ ನಿಲ್ದಾಣದಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವವರೆಗಿನ ಸಮಯ ಅದು. ರನ್‌ವೇವರೆಗೆ ಉರುಳುತ್ತಾ ಹೋಗಬೇಕು, ಸರದಿ ಕಾಯಬೇಕು, ನಿಧಾನವಾಗಿ ಏರಬೇಕು, ಅದಕ್ಕಿಂತ ನಿಧಾನವಾಗಿ ಇಳಿಯಬೇಕು. ಇಷ್ಟಕ್ಕೇ ಅರ್ಧ ಗಂಟೆ ಹೋಗುತ್ತದೆ. ದೂರ ಕಡಿಮೆಯಾದರೂ ಈ ಅರ್ಧ ಗಂಟೆ ಕಡಿಮೆಯಾಗುವುದಿಲ್ಲ. ಅದಕ್ಕೇ ಸುಮಾರು 306 ಕಿ.ಮೀ. ಇರುವ ಬೆಂಗಳೂರು–ಮಂಗಳೂರಿಗೂ ಒಂದು ಗಂಟೆ ಬೇಕು.

ಒಂದು ಸುಲಭ ಸೂತ್ರ: ನೇರ ದೂರವನ್ನು 13ರಿಂದ ಭಾಗಿಸಿ 35 ಸೇರಿಸಿ. ಬಂದ ಉತ್ತರ ನಿಮಿಷದಲ್ಲಿ. ದಿಲ್ಲಿಯಿಂದ ಗೋವಾ ಸುಮಾರು 1,500 ಕಿ.ಮೀ. ಅಂದರೆ 115 ನಿಮಿಷಕ್ಕೆ 35 ಸೇರಿ ಎರಡೂವರೆ ಗಂಟೆ. ಫ್ಯಾನಿನ ರೆಕ್ಕೆ ಇರುವ ಎಟಿಆರ್ ವಿಮಾನವಾದರೆ 13ರ ಬದಲು 8ರಿಂದ ಭಾಗಿಸಿ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಬೆಂಗಳೂರು–ಹುಬ್ಬಳ್ಳಿ ಸುಮಾರು 371 ಕಿ.ಮೀ. ಎಟಿಆರ್‌ನಲ್ಲಿ ಹೋದರೆ ಒಂದು ಗಂಟೆ ಕಾಲು ದಾಟುವುದು ಇದಕ್ಕೇ.

ಭಟ್ಕಳ, ಹೊನ್ನಾವರ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗುವವರು ತುಂಬಾ ಜನ. ಅವರಿಗೆ ಒಂದು ಮಾತು. ಟಿಕೆಟ್ ಮೇಲೆ ಹೊರಡುವ ಸಮಯ ನಮ್ಮದು, ಇಳಿಯುವ ಸಮಯ ಅಲ್ಲಿಯದು. ದುಬೈ ಮತ್ತು ಮಸ್ಕತ್ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್, ಕತಾರ್, ಬಹ್ರೇನ್ ಎರಡೂವರೆ ಗಂಟೆ ಹಿಂದೆ. ಮಂಗಳೂರಲ್ಲಿ ಬೆಳಿಗ್ಗೆ 10ಕ್ಕೆ ಹೊರಟು ದುಬೈಯಲ್ಲಿ 12.15ಕ್ಕೆ ಇಳಿದರೆ ಹಾರಾಟ ಎರಡೂಕಾಲು ಗಂಟೆಯದಲ್ಲ, ಮೂರೂಮುಕ್ಕಾಲು ಗಂಟೆಯದು. ಬರುವಾಗ ಇದು ಉಲ್ಟಾ ಆಗುತ್ತದೆ. ಕರೆದುಕೊಂಡು ಬರಲು ಹೋಗುವ ಮನೆಯವರು ಇಳಿಯುವ ಸಮಯವನ್ನು ಇದ್ದಹಾಗೆ ನಂಬಬಹುದು. ಅದು ಭಾರತದ ಸಮಯವೇ.

ನಿಮ್ಮ ಊರಿಗೆ ಯಾವ ನಿಲ್ದಾಣ?

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಯಾಕೆಂದರೆ ಇಡೀ ಜಿಲ್ಲೆಗೆ ಒಂದೇ ಉತ್ತರ ಇಲ್ಲ. ಮಾಜಾಳಿಯಿಂದ ಭಟ್ಕಳದ ತನಕ ಒಂದೇ ಹೆದ್ದಾರಿ 66 ಇದ್ದರೂ ನಡುವೆ ಎಲ್ಲೋ ಒಂದು ಕಡೆ ಮುಖ ಉತ್ತರದಿಂದ ದಕ್ಷಿಣಕ್ಕೆ ತಿರುಗುತ್ತದೆ.

ಕಾರವಾರದವರಿಗೆ ಪ್ರಶ್ನೆಯೇ ಇಲ್ಲ, ದಾಬೋಲಿಂ. ಎರಡರಿಂದ ಎರಡೂಕಾಲು ಗಂಟೆ. ಪೋಳೆ ಗಡಿ ದಾಟಿ, ಕಾಣಕೋಣದ ಬೈಪಾಸ್ ಹಿಡಿದರೆ ಒಳ್ಳೆಯ ರಸ್ತೆ. 2019ರಲ್ಲಿ ಆ ಬೈಪಾಸ್ ಆದ ಮೇಲೆ ಊರೊಳಗಿನ ತಿರುವುಗಳು ತಪ್ಪಿವೆ. ಅದಾದ ಮೇಲೆ ಕರಮಲ ಘಟ್ಟದಿಂದ ಕುಂಕಳ್ಳಿವರೆಗೆ ರಸ್ತೆ ಕಿರಿದು. ಅಲ್ಲಿ ಒಂದು ಲಾರಿ ಮುಂದೆ ಸಿಕ್ಕಿದರೂ ಅದರ ಹಿಂದೆಯೇ ಹೋಗಬೇಕು. ಮಡಗಾಂವ್ ದಾಟಿ ವೆರ್ಣಾಕ್ಕೆ ಬಂದರೆ ವಾಸ್ಕೊ ರಸ್ತೆ, ನಿಲ್ದಾಣ ಅಲ್ಲಿಂದ ದೂರವಿಲ್ಲ.

ಕಾರು ಬೇಡ ಎನ್ನುವವರಿಗೆ ರೈಲು ಇದೆ. ಕಾರವಾರದಿಂದ ಮಡಗಾಂವ್‌ಗೆ ಸುಮಾರು ಒಂದು ಗಂಟೆ. ಮಡಗಾಂವ್ ಸ್ಟೇಷನ್ನಿನಿಂದ ದಾಬೋಲಿಂ ಸುಮಾರು 25 ಕಿ.ಮೀ. ಟ್ಯಾಕ್ಸಿಯಲ್ಲಿ ಮುಕ್ಕಾಲು ಗಂಟೆ. ಮಂಗಳೂರು–ಮಡಗಾಂವ್ ವಂದೇ ಭಾರತ್ ಕೂಡ ಕಾರವಾರದಲ್ಲಿ ನಿಲ್ಲುತ್ತದೆ. ಕಾರವಾರದ ಸ್ಟೇಷನ್ ಇರುವುದು ಪೇಟೆಯಲ್ಲಲ್ಲ, ಶಿರವಾಡದಲ್ಲಿ. ಅಲ್ಲಿಗೆ ಹೋಗುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ. ಬಸ್ಸಿನವರಿಗೆ ನಮ್ಮ ವಾಯವ್ಯ ಸಾರಿಗೆಯೂ ಗೋವಾದ ಕದಂಬ ಬಸ್ಸೂ ಮಡಗಾಂವ್‌ವರೆಗೆ ಸಿಗುತ್ತವೆ. ಆದರೆ ಸಾಮಾನು ಜಾಸ್ತಿ ಇದ್ದರೆ ಬಸ್ಸು ಬದಲಿಸುವ ಕಷ್ಟ ಬೇಡ.

ಕುಮಟಾದ್ದು ಬೇರೆಯೇ ಪರಿಸ್ಥಿತಿ. ದಾಬೋಲಿಂಗೆ ಸುಮಾರು 160 ಕಿ.ಮೀ. ಹುಬ್ಬಳ್ಳಿಗೂ ಸುಮಾರು 160. ಮಂಗಳೂರಿನ ನಿಲ್ದಾಣ ಇರುವ ಬಜಪೆಗೆ 200ರ ಹತ್ತಿರ. ಅಂದರೆ ಕಿಲೋಮೀಟರ್ ಲೆಕ್ಕ ಇಲ್ಲಿ ಏನೂ ಹೇಳುವುದಿಲ್ಲ. ನನ್ನ ಅಭಿಪ್ರಾಯ ಹೀಗೆ: ನೇರ ವಿಮಾನ ಎಲ್ಲಿಂದ ಇದೆಯೋ ಅಲ್ಲಿಗೆ ಹೋಗಿ. ಗೋವಾದಿಂದ ಹೊರಡುವ ವಿಮಾನಗಳು ಹುಬ್ಬಳ್ಳಿಗಿಂತ ಎಷ್ಟೋ ಜಾಸ್ತಿ. ಒಂದು ವಿಮಾನ ರದ್ದಾದರೂ ಇನ್ನೊಂದು ಸಿಗುವ ಅವಕಾಶ ಇದೆ. ಹಾಗಾಗಿ ದಿಲ್ಲಿ, ಮುಂಬೈ, ಹೈದರಾಬಾದಿಗೆಲ್ಲ ಕುಮಟಾದವರಿಗೆ ದಾಬೋಲಿಂ ಮೊದಲ ಆಯ್ಕೆ. ಅಂಕೋಲಾದವರಿಗಂತೂ ಖಂಡಿತ.

ಹೊನ್ನಾವರಕ್ಕೆ ಬಂದರೆ ದಾಬೋಲಿಂ ಮತ್ತು ಬಜಪೆ ಹೆಚ್ಚುಕಡಿಮೆ ಒಂದೇ ದೂರ, ಎರಡೂ 180ರ ಆಸುಪಾಸು. ಮುಖ ತಿರುಗುವುದು ಇಲ್ಲೇ. ಹೊನ್ನಾವರದಿಂದ ದಕ್ಷಿಣಕ್ಕೆ, ಅಂದರೆ ಮುರ್ಡೇಶ್ವರ, ಭಟ್ಕಳದವರಿಗೆ ಮಂಗಳೂರೇ ಸರಿ. ಭಟ್ಕಳದಿಂದ ಬಜಪೆ ಸುಮಾರು 140 ಕಿ.ಮೀ. ಎರಡೂವರೆಯಿಂದ ಮೂರು ಗಂಟೆ. ಬಜಪೆಗೆ ಹೋಗುವವರು ಮಂಗಳೂರು ಪೇಟೆಯೊಳಗೆ ಹೋಗಬೇಕಾಗಿಲ್ಲ. ಮೂಲ್ಕಿಯಲ್ಲಿ ಎಡಕ್ಕೆ ತಿರುಗಿ ಕಿನ್ನಿಗೋಳಿ, ಕಟೀಲು ಮೇಲೆ ಹೋಗಬಹುದು. ರಸ್ತೆ ಕಿರಿದಾದರೂ ಸುರತ್ಕಲ್, ಕೂಳೂರಿನ ಲಾರಿಗಳ ಸಾಲು ತಪ್ಪುತ್ತದೆ.

ಈಗ ಘಟ್ಟದ ಮೇಲೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಮುಂಡಗೋಡ ಮೇಲೆ ಹೋದರೂ ಯಲ್ಲಾಪುರ ಮೇಲೆ ಹೋದರೂ ಎರಡೂವರೆ ಗಂಟೆ ಇಟ್ಟುಕೊಳ್ಳಿ. ದೊಡ್ಡ ಘಟ್ಟ ಇಳಿಯುವ ಕೆಲಸ ಇಲ್ಲ. ನಿಲ್ದಾಣ ಗೋಕುಲ ರಸ್ತೆಯಲ್ಲಿದೆ, ಊರಿನ ನಡುವಿನ ಗದ್ದಲಕ್ಕೆ ಸಿಗದೆ ತಲುಪಬಹುದು. ಯಲ್ಲಾಪುರದಿಂದ ಸುಮಾರು 70, ಮುಂಡಗೋಡದಿಂದ ಸುಮಾರು 50, ದಾಂಡೇಲಿಯಿಂದ ಸುಮಾರು 75 ಕಿ.ಮೀ. ಇವರೆಲ್ಲರಿಗೂ ಹುಬ್ಬಳ್ಳಿಯೇ. ಸಿದ್ದಾಪುರ ಮಾತ್ರ ಬೇರೆ. ಶಿರಸಿಯಿಂದ 35 ಕಿ.ಮೀ. ದಕ್ಷಿಣಕ್ಕೆ ಇರುವುದರಿಂದ ಹುಬ್ಬಳ್ಳಿ ದೂರವಾಗಿ ಶಿವಮೊಗ್ಗ ಹತ್ತಿರವಾಗುತ್ತದೆ. ತಾಳಗುಪ್ಪ, ಸಾಗರ ದಾಟಿ ಶಿವಮೊಗ್ಗದ ಸೋಗಾನೆಯಲ್ಲಿರುವ ನಿಲ್ದಾಣಕ್ಕೆ 120 ಕಿ.ಮೀ. ಒಳಗೆ ಹೋಗಬಹುದು. ಅಲ್ಲಿ ವಿಮಾನಗಳು ಕಡಿಮೆ. ನಿಮಗೆ ಬೇಕಾದ ದಿನ ಇದೆಯೇ ಎಂದು ಮೊದಲು ನೋಡಿ, ಆಮೇಲೆ ದೂರ ನೋಡಿ.

ಒಂದು ಕಿವಿಮಾತು. ಮಾರ್ಚ್ ಹೊತ್ತಿಗೆ ಶಿರಸಿಯ ಮೇಲೆ ಹೋಗುವವರು ಮಾರಿಕಾಂಬಾ ಜಾತ್ರೆಯ ವರ್ಷವೋ ಅಲ್ಲವೋ ನೋಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯ ದಿನಗಳಲ್ಲಿ ಪೇಟೆ ದಾಟುವುದೇ ಒಂದು ಕೆಲಸ. ಹಾಗೆಯೇ ಡಿಸೆಂಬರ್ ಕೊನೆಯ ವಾರದಲ್ಲಿ ಗೋವಾದ ರಸ್ತೆಗಳು. ವಾರಾಂತ್ಯದಲ್ಲಿ ಗೋಕರ್ಣ, ಮುರ್ಡೇಶ್ವರದ ಕ್ರಾಸುಗಳು.

ಬೆಂಗಳೂರಿಗೆ ವಿಮಾನ ಬೇಕೇ?

ತುಂಬಾ ಜನ ಕೇಳುವ ಪ್ರಶ್ನೆ ಇದು. ಶಿರಸಿಯ ಉದಾಹರಣೆ ತೆಗೆದುಕೊಳ್ಳೋಣ. ಹುಬ್ಬಳ್ಳಿಗೆ ಎರಡೂವರೆ ಗಂಟೆ. ನಿಲ್ದಾಣದಲ್ಲಿ ಕಾಯುವುದು ಒಂದೂವರೆಯಿಂದ ಎರಡು. ಹಾರಾಟ ಒಂದು ಗಂಟೆ ಮೇಲೆ. ಇಳಿದು ಸಾಮಾನು ತೆಗೆದುಕೊಂಡು ಹೊರಬರಲು ಅರ್ಧ ಗಂಟೆ. ದೇವನಹಳ್ಳಿಯ ನಿಲ್ದಾಣದಿಂದ ಮೆಜೆಸ್ಟಿಕ್ ಸುಮಾರು 35 ಕಿ.ಮೀ., ಅದಕ್ಕೆ ಒಂದೂವರೆ ಗಂಟೆ. ಎಲ್ಲ ಕೂಡಿದರೆ ಏಳೂವರೆ ಗಂಟೆ. ರಾತ್ರಿ ಬಸ್ಸು ಹತ್ತಿ ಮಲಗಿದರೆ ಎಂಟು, ಒಂಬತ್ತು ಗಂಟೆಯಲ್ಲಿ ಬೆಂಗಳೂರು. ದುಡ್ಡೂ ಉಳಿಯಿತು, ಹಗಲೂ ಉಳಿಯಿತು.

ಕಾರವಾರದಿಂದ ಬಸ್ಸಿಗೆ ಹನ್ನೊಂದು, ಹನ್ನೆರಡು ಗಂಟೆ. ವಿಮಾನದ ದಾರಿ ಎಂಟು ಗಂಟೆ. ಇಲ್ಲಿ ಮೂರು ನಾಲ್ಕು ಗಂಟೆ ನಿಜವಾಗಿಯೂ ಉಳಿಯುತ್ತದೆ. ಆದರೂ ಸಂಜೆ ಹೊರಡುವ ಪಂಚಗಂಗಾ ರೈಲಿನಲ್ಲಿ ಮಲಗುವ ಸೀಟು ಸಿಕ್ಕಿದರೆ ನಾನು ಅದನ್ನೇ ಹೇಳುತ್ತೇನೆ. ಬೆನ್ನು ನೋವಿನವರು, ಆಸ್ಪತ್ರೆಗೆ ಹೋಗುವ ಹಿರಿಯರು, ಅದೇ ದಿನ ಸಂದರ್ಶನ ಇರುವವರು ಇವರಿಗೆಲ್ಲ ವಿಮಾನ ಸರಿ. ಮುಂಬೈ, ಹೈದರಾಬಾದ್, ದಿಲ್ಲಿ ಎಂದಾದರೆ ಯೋಚನೆಯೇ ಬೇಡ, ವಿಮಾನವೇ ಲಾಭ.

ಹೊರಡುವ ಹೊತ್ತನ್ನು ಹಿಂದಿನಿಂದ ಎಣಿಸಿ

ವಿಮಾನ ಮಧ್ಯಾಹ್ನ 2ಕ್ಕೆ ಎಂದರೆ ನಿಮ್ಮ ಗಡುವು 2 ಗಂಟೆ ಅಲ್ಲ. ದೇಶದೊಳಗಿನ ವಿಮಾನಗಳಿಗೆ ಸಾಮಾನು ತೆಗೆದುಕೊಳ್ಳುವ ಕೌಂಟರನ್ನು ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತಾರೆ. ಹತ್ತುವ ಗೇಟನ್ನು 20–25 ನಿಮಿಷ ಮೊದಲು. ನಿಮ್ಮ ಟಿಕೆಟ್‌ನಲ್ಲಿ ಸರಿಯಾದ ಸಮಯ ಬರೆದಿರುತ್ತದೆ, ಓದಿಕೊಳ್ಳಿ. ಹಾಗಾಗಿ ನಿಮ್ಮ ನಿಜವಾದ ಗಡುವು 1 ಗಂಟೆ.

ಕುಮಟಾದಿಂದ ದಾಬೋಲಿಂಗೆ ಈ ವಿಮಾನ ಹಿಡಿಯಬೇಕು ಎಂದುಕೊಳ್ಳಿ. ಕೌಂಟರ್ ಮುಚ್ಚುವುದು 1ಕ್ಕೆ. ಅಲ್ಲಿ ಸಾಲು ಇರುತ್ತದೆ, ಒಳಗೆ ಹೋಗುವ ಬಾಗಿಲಲ್ಲೂ ಸಾಲು ಇರುತ್ತದೆ. ಅದಕ್ಕೆ 12ಕ್ಕೆ ತಲುಪಬೇಕು. ರಸ್ತೆಗೆ ಮೂರೂವರೆ ಗಂಟೆ. ಅಂದರೆ 8.30. ಚಹಾ ಕುಡಿಯಲು, ಪೆಟ್ರೋಲ್ ಹಾಕಿಸಲು, ಬೇಲೆಕೇರಿ ಟೋಲಿನಲ್ಲಿ ನಿಲ್ಲಲು ಅರ್ಧ ಗಂಟೆ. 8 ಆಯಿತು. ಇನ್ನು ಯಾರೂ ಹೇಳದ ಒಂದು ಅರ್ಧ ಗಂಟೆ ಇದೆ: ಟೈರ್ ಪಂಕ್ಚರ್, ರಸ್ತೆ ಕೆಲಸ, ಮಡಗಾಂವ್ ಹತ್ತಿರದ ಗದ್ದಲ. 7.30ಕ್ಕೆ ಗಾಡಿ ಮನೆಯಿಂದ ಹೊರಟಿರಬೇಕು. ಚಾಲಕರಿಗೆ 7.15ಕ್ಕೆ ಬನ್ನಿ ಎನ್ನಿ.

ವಿದೇಶಕ್ಕಾದರೆ ನಿಲ್ದಾಣಕ್ಕೆ ಮೂರು ಗಂಟೆ ಮೊದಲೇ ತಲುಪಿ. ಇಮಿಗ್ರೇಷನ್ ಸಾಲು ನಮ್ಮ ಕೈಯಲ್ಲಿಲ್ಲ.

ರಸ್ತೆಯ ಸಮಯ ನೋಡುವಾಗ ಇನ್ನೊಂದು ಉಪಾಯ ಇದೆ. ಹಿಂದಿನ ರಾತ್ರಿ 10ಕ್ಕೆ ಮ್ಯಾಪ್ ತೆಗೆದರೆ ಅದು ಆ ಹೊತ್ತಿನ ಖಾಲಿ ರಸ್ತೆಯ ಸಮಯ ತೋರಿಸುತ್ತದೆ. ಗೂಗಲ್ ಮ್ಯಾಪಿನಲ್ಲಿ ಹೊರಡುವ ಸಮಯ ಅಥವಾ ತಲುಪುವ ಸಮಯ ಹಾಕುವ ಆಯ್ಕೆ ಇದೆ. ನೀವು ಹೋಗುವ ವಾರ, ಗಂಟೆ ಹಾಕಿ ನೋಡಿ. ಅದು ಎರಡು ಅಂಕಿ ಕೊಟ್ಟರೆ ದೊಡ್ಡದನ್ನೇ ಹಿಡಿಯಿರಿ. ಘಟ್ಟದ ದಾರಿಯಲ್ಲಿ ನೆಟ್‌ವರ್ಕ್ ಹೋಗುತ್ತದೆ, ಆದ್ದರಿಂದ ನಕ್ಷೆಯನ್ನು ಮೊದಲೇ ಮೊಬೈಲಿಗೆ ಇಳಿಸಿಟ್ಟುಕೊಳ್ಳಿ.

ಬಾಡಿಗೆ ಕಾರಿನಲ್ಲಿ ಗೋವಾಕ್ಕೆ ಹೋಗುವವರು ಗಾಡಿಗೆ ಗೋವಾ ಪ್ರವೇಶದ ಪರ್ಮಿಟ್ ಇದೆಯೇ ಎಂದು ಗೊತ್ತುಮಾಡುವಾಗಲೇ ಕೇಳಿ. ಗಡಿಯಲ್ಲಿ ನಿಂತು ಮಾಡಿಸುವ ಕೆಲಸ ಅದಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಲೆಕ್ಕವೇ ಬೇರೆ

ಮೇಲೆ ಹೇಳಿದ ಎಲ್ಲ ಗಂಟೆಗಳೂ ಬೇಸಿಗೆಯವು. ಮಳೆಗಾಲಕ್ಕೆ ಅವನ್ನು ಹಾಗೆಯೇ ಬಳಸಬೇಡಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. 2021ರ ಜುಲೈ ಮಳೆಗೆ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಅಂಕೋಲಾ–ಯಲ್ಲಾಪುರ ದಾರಿ ಬಂದ್ ಆಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ, ಗಂಗಾವಳಿಯ ಒಳಗೆ ಬಂತು. ಎಷ್ಟೋ ಮನೆಗಳು ತಮ್ಮವರನ್ನು ಕಳೆದುಕೊಂಡವು. ಹೆದ್ದಾರಿ ವಾರಗಟ್ಟಲೆ ಮುಚ್ಚಿತ್ತು. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಸುಕಿನಲ್ಲಿ ಕಾರವಾರ–ಸದಾಶಿವಗಡ ನಡುವಿನ ಹಳೆಯ ಕಾಳಿ ಸೇತುವೆ ಕುಸಿಯಿತು. ಗೋವಾಕ್ಕೆ ಹೋಗುವವರೆಲ್ಲ ಹೊಸ ಸೇತುವೆ ಒಂದನ್ನೇ ನೆಚ್ಚಿಕೊಳ್ಳಬೇಕಾಯಿತು.

ಹಾಗಾಗಿ ಮಳೆಗಾಲದಲ್ಲಿ ಮೂರು ಕೆಲಸ ಮಾಡಿ. ಕೆಂಪು ಅಥವಾ ಕಿತ್ತಳೆ ಎಚ್ಚರಿಕೆ ಇರುವ ದಿನ ಘಟ್ಟದ ದಾರಿ ಇದ್ದರೆ ಹಿಂದಿನ ದಿನವೇ ಹೋಗಿ ಹುಬ್ಬಳ್ಳಿಯಲ್ಲೋ ಮಡಗಾಂವ್‌ನಲ್ಲೋ ಉಳಿಯಿರಿ. ಒಂದು ರಾತ್ರಿಯ ರೂಮಿನ ಖರ್ಚು ವಿಮಾನ ತಪ್ಪಿದ ಖರ್ಚಿಗಿಂತ ಕಡಿಮೆ. ಎರಡನೆಯದು, ಹೊರಡುವ ಮೊದಲು ಬದಲಿ ದಾರಿ ಗೊತ್ತುಮಾಡಿಕೊಳ್ಳಿ. ಕುಮಟಾ–ಶಿರಸಿ ನಡುವೆ ದೇವಿಮನೆ ಘಟ್ಟ ಮುಚ್ಚಿದರೆ ಸಿದ್ದಾಪುರಕ್ಕೆ ದೊಡ್ಮನೆ ಘಟ್ಟ ಇದೆ, ಹೊನ್ನಾವರದಿಂದ ಗೇರುಸೊಪ್ಪೆ ದಾರಿ ಇದೆ. ಎಲ್ಲವೂ ಒಂದೇ ದಿನ ಮುಚ್ಚುವುದು ಅಪರೂಪ, ಆದರೆ ಸುತ್ತು ಜಾಸ್ತಿ. ಮೂರನೆಯದು, ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆ ವೇಳಾಪಟ್ಟಿ ಇರುತ್ತದೆ. ಸುರಕ್ಷತೆಗಾಗಿ ರೈಲಿನ ವೇಗ ತಗ್ಗಿಸುತ್ತಾರೆ. ಮೇ ತಿಂಗಳಲ್ಲಿ ನೋಡಿದ ಸಮಯ ಜುಲೈಯಲ್ಲಿ ಇರುವುದಿಲ್ಲ.

ಆಕಾಶದಲ್ಲೂ ಮಳೆ ತೊಂದರೆ ಕೊಡುತ್ತದೆ. ಗುಡ್ಡದ ನೆತ್ತಿಯ ಮೇಲಿರುವ ಮಂಗಳೂರಿನ ನಿಲ್ದಾಣದಲ್ಲಿ ಮೋಡ ಕೆಳಗೆ ಇಳಿದರೆ ರನ್‌ವೇ ಕಾಣುವುದಿಲ್ಲ. ಆಗ ವಿಮಾನವನ್ನು ಬೇರೆ ನಿಲ್ದಾಣಕ್ಕೆ ಕಳಿಸುತ್ತಾರೆ. ಕರೆತರಲು ಹೋಗುವವರು ಮನೆ ಬಿಡುವ ಮೊದಲು ವಿಮಾನದ ಸಂಖ್ಯೆ ಹಾಕಿ ಅದು ಆ ಊರಿನಿಂದ ಹೊರಟಿದೆಯೇ ಎಂದು ನೋಡಲಿ.

ನಡುವೆ ನಿಲ್ದಾಣ ಬದಲಿಸಬೇಕಾದರೆ

ಕೆಲವೊಮ್ಮೆ ಒಂದು ವಿಮಾನ ಮೋಪಾಕ್ಕೆ ಬಂದು, ಮುಂದಿನದು ದಾಬೋಲಿಂನಿಂದ ಹೊರಡುವಂತೆ ಟಿಕೆಟ್ ಸಿಗುತ್ತದೆ. ಅಗ್ಗವೂ ಇರುತ್ತದೆ. ಎರಡೂ ಬೇರೆ ಬೇರೆ ಟಿಕೆಟ್ ಆಗಿದ್ದರೆ ಮೊದಲ ವಿಮಾನ ತಡವಾಯಿತು ಎಂದು ಎರಡನೆಯವರು ಕಾಯುವುದಿಲ್ಲ, ದುಡ್ಡೂ ವಾಪಸ್ ಕೊಡುವುದಿಲ್ಲ. ಇಳಿದು ಸಾಮಾನು ತೆಗೆಯಲು ಮುಕ್ಕಾಲು ಗಂಟೆ, ರಸ್ತೆಗೆ ಒಂದೂವರೆಯಿಂದ ಎರಡು, ಮುಂದಿನ ನಿಲ್ದಾಣಕ್ಕೆ ಎರಡು ಗಂಟೆ ಮೊದಲು. ಐದು ಗಂಟೆಗಿಂತ ಕಡಿಮೆ ಅಂತರ ಇದ್ದರೆ ಆ ಟಿಕೆಟ್ ಮಾಡಬೇಡಿ. ಹೋಗುವುದು ದಾಬೋಲಿಂನಿಂದ, ಬರುವುದು ಮೋಪಾಕ್ಕೆ ಎಂದು ಮಾಡಿದವರು ತಮ್ಮ ಕಾರನ್ನು ದಾಬೋಲಿಂನಲ್ಲಿ ನಿಲ್ಲಿಸಿ ಹೋಗಬಾರದು ಎಂಬುದೂ ನೆನಪಿರಲಿ.

ರಾತ್ರಿ ಇಳಿಯುವವರು

ಮೋಪಾದಲ್ಲಿ ರಾತ್ರಿ 11ಕ್ಕೆ ಇಳಿದರೆ ಕಾರವಾರ ತಲುಪುವಾಗ ನಸುಕಿನ 3 ಆಗಿರುತ್ತದೆ. ಕುಮಟಾ ಎಂದರೆ 4 ದಾಟುತ್ತದೆ. ಕತ್ತಲೆಯಲ್ಲಿ ಕರಮಲ ಘಟ್ಟದ ತಿರುವುಗಳು, ನಿದ್ದೆಗೆಟ್ಟ ಚಾಲಕ. ಇದು ಒಳ್ಳೆಯದಲ್ಲ. ಸಾಧ್ಯವಾದರೆ ಸಂಜೆಯೊಳಗೆ ಇಳಿಯುವ ವಿಮಾನ ಆರಿಸಿ. ಆಗಲಿಲ್ಲ ಎಂದರೆ ಗೋವಾದಲ್ಲೇ ಮಲಗಿ ಬೆಳಿಗ್ಗೆ ಮಡಗಾಂವ್‌ನಿಂದ ರೈಲು ಹಿಡಿಯಿರಿ.

ಊರಿನಿಂದ ಗಾಡಿ ಕರೆಸುವುದಾದರೆ ಎರಡು ಸಮಯ ಹೇಳಿ: ವಿಮಾನ ಇಳಿಯುವ ಸಮಯ, ನೀವು ಹೊರಗೆ ಬರುವ ಸಮಯ. ಬರೀ ಕೈಚೀಲ ಇದ್ದರೆ ಇಪ್ಪತ್ತು ನಿಮಿಷ, ಪೆಟ್ಟಿಗೆ ಬರಬೇಕಾದರೆ ಮುಕ್ಕಾಲು ಗಂಟೆ, ವಿದೇಶದಿಂದ ಬಂದರೆ ಒಂದೂವರೆ ಗಂಟೆ. ವಾಪಸ್ ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಅಬಕಾರಿಯವರು ಗಾಡಿ ನಿಲ್ಲಿಸಿ ಡಿಕ್ಕಿ ತೆಗೆಸಬಹುದು. ಹತ್ತು ನಿಮಿಷ ಅದಕ್ಕೂ ಇಟ್ಟುಕೊಳ್ಳಿ. ಬೋರ್ಡಿಂಗ್ ಪಾಸ್ ಮತ್ತು ಕೊಂಡ ಸಾಮಾನಿನ ಬಿಲ್ಲುಗಳನ್ನು ಪೆಟ್ಟಿಗೆಯೊಳಗೆ ಹಾಕದೆ ಕೈಯಲ್ಲೇ ಇಟ್ಟುಕೊಂಡರೆ ಕೆಲಸ ಬೇಗ ಮುಗಿಯುತ್ತದೆ.